ಮಗುವಿಗೆ ಕಂಪ್ಯೂಟರ್ ಗಮನ ಪರೀಕ್ಷೆ: ಮಾಡಿಸುವ ಮುಂಚೆ, ಮಾಡಿಸುವಾಗ, ರಿಪೋರ್ಟ್ ಬಂದ ಮೇಲೆ

ಶಾಲೆಯ ಡೈರಿಯಲ್ಲಿ ಟೀಚರ್ ಪದೇ ಪದೇ ಬರೆದು ಕಳಿಸುತ್ತಾರೆ: ಕೂತಲ್ಲಿ ಕೂರುವುದಿಲ್ಲ, ಬೋರ್ಡಿನ ಮೇಲಿದ್ದದ್ದನ್ನು ಅರ್ಧ ಬರೆದು ಬಿಡುತ್ತಾನೆ, ಕರೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆಯವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ, ದುಡುಕುವ ತೊಂದರೆ ಇರಬಹುದು, ನೋಡೋಣ ಎಂದ ಡಾಕ್ಟರು ಚೀಟಿಯಲ್ಲಿ ಸಿಪಿಟಿ ಎಂದೋ, ಟೋವಾ ಎಂದೋ, ಕ್ಯೂಬಿ ಟೆಸ್ಟ್ ಎಂದೋ ಬರೆದುಕೊಡುತ್ತಾರೆ. ಹೊರಗೆ ಬಂದ ತಂದೆ ತಾಯಿಯ ತಲೆಯಲ್ಲಿ ಉಳಿಯುವುದು ಒಂದೇ ಮಾತು: ಕಂಪ್ಯೂಟರ್ ಟೆಸ್ಟ್ ಆದರೆ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಗೊತ್ತಾಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಅಳೆದ ಹಾಗೆ ಎಡಿಎಚ್‌ಡಿಯನ್ನು ಅಳೆಯುವ ಯಂತ್ರ ಇವತ್ತಿಗೂ ಇಲ್ಲ. ಹಾಗಂತ ಈ ಟೆಸ್ಟ್ ದಂಡವೂ ಅಲ್ಲ. ಒಂದು ನಿರ್ದಿಷ್ಟ ಪ್ರಶ್ನೆ ಇಟ್ಟುಕೊಂಡು ಮಾಡಿಸಿದರೆ ಅದು ಉಪಯೋಗಕ್ಕೆ ಬರುತ್ತದೆ. ಪ್ರಶ್ನೆಯೇ ಇಲ್ಲದೆ ಮಾಡಿಸಿದರೆ ಕೈಗೆ ಸಿಗುವುದು ಬಣ್ಣಬಣ್ಣದ ಗ್ರಾಫು ಮತ್ತು ಬಿಲ್ಲು.

ಪರದೆಯ ಮುಂದೆ ಆ ಇಪ್ಪತ್ತು ನಿಮಿಷ

ಸಿಪಿಟಿ ಎಂದರೆ ಕಂಟಿನ್ಯುಯಸ್ ಪರ್ಫಾರ್ಮೆನ್ಸ್ ಟೆಸ್ಟ್. 1956ರಲ್ಲಿ ಅಮೆರಿಕದ ರಾಸ್‌ವಾಲ್ಡ್ ಮತ್ತು ಸಂಗಡಿಗರು ಇದನ್ನು ರೂಪಿಸಿದ್ದು ಮೆದುಳಿಗೆ ಹಾನಿಯಾದವರನ್ನು ಗುರುತಿಸಲು. ಮಕ್ಕಳ ಚಂಚಲತೆಗೆ ಇದು ಬಳಕೆಯಾದದ್ದು ಆಮೇಲೆ. ಹೆಸರುಗಳು ಹಲವಾದರೂ ಒಳಗಿನ ಉಪಾಯ ಒಂದೇ. ತುಂಬ ಸುಲಭವಾದ, ತುಂಬ ಬೇಸರದ ಕೆಲಸವೊಂದನ್ನು ಕೊಟ್ಟು, ಮಗು ಎಷ್ಟು ಹೊತ್ತು ಅದರಲ್ಲೇ ಇರುತ್ತದೆ, ತಡೆಯಬೇಕಾದಾಗ ಕೈಯನ್ನು ತಡೆಯುತ್ತದೆಯೇ ಎಂದು ನೋಡುವುದು.

ಟೋವಾದಲ್ಲಿ ಪರದೆಯ ಮೇಲೆ ಒಂದು ಚೌಕ, ಅದರೊಳಗೆ ಇನ್ನೊಂದು ಪುಟ್ಟ ಚೌಕ ಕ್ಷಣಕಾಲ ಮಿಂಚಿ ಮಾಯವಾಗುತ್ತದೆ. ಪುಟ್ಟ ಚೌಕ ಮೇಲ್ಗಡೆ ಇದ್ದರೆ ಗುಂಡಿ ಒತ್ತಬೇಕು, ಕೆಳಗಡೆ ಇದ್ದರೆ ಸುಮ್ಮನಿರಬೇಕು. ಅಷ್ಟೇ. ಮೊದಲರ್ಧದಲ್ಲಿ ಒತ್ತಬೇಕಾದ ಚೌಕ ಅಪರೂಪಕ್ಕೆ ಬರುತ್ತದೆ. ಕಾದು ಕಾದು ಮಗು ಎಲ್ಲೋ ಹೋಗಿಬಿಟ್ಟಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ದ್ವಿತೀಯಾರ್ಧದಲ್ಲಿ ಅದು ತಿರುವುಮುರುವು: ಒತ್ತಬೇಕಾದದ್ದೇ ಹೆಚ್ಚು, ಬಿಡಬೇಕಾದದ್ದು ಅಪರೂಪ. ಒತ್ತಿ ಒತ್ತಿ ರೂಢಿಯಾದ ಬೆರಳನ್ನು ತಡೆಯಲಾಗುತ್ತದೆಯೇ ಎಂಬುದು ಇಲ್ಲಿ ಕಾಣುತ್ತದೆ. ಇಡೀ ಪರೀಕ್ಷೆಗೆ ಸುಮಾರು 22 ನಿಮಿಷ. ನಾಲ್ಕೈದು ವರ್ಷದವರಿಗೆ ಅದರ ಅರ್ಧ. ಕಾನರ್ಸ್ ಸಿಪಿಟಿಯಲ್ಲಿ ಚೌಕದ ಬದಲು ಇಂಗ್ಲಿಷ್ ಅಕ್ಷರಗಳು. ಎಕ್ಸ್ ಒಂದನ್ನು ಬಿಟ್ಟು ಬೇರೆ ಯಾವ ಅಕ್ಷರ ಬಂದರೂ ಒತ್ತಬೇಕು. 14 ನಿಮಿಷದಲ್ಲಿ 360 ಅಕ್ಷರ, ಎಂಟು ವರ್ಷ ದಾಟಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಚಿತ್ರಗಳಿರುವ ಇನ್ನೊಂದು ರೂಪ ಇದೆ. ಕ್ಯೂಬಿ ಟೆಸ್ಟಿನಲ್ಲಿ ಇದರ ಜೊತೆಗೆ ಮಗುವಿನ ಹಣೆಗೆ ಗುರುತಿರುವ ಪಟ್ಟಿ ಕಟ್ಟುತ್ತಾರೆ, ತಲೆ ಎಷ್ಟು ಅಲುಗಾಡಿತು ಎಂದು ಕ್ಯಾಮೆರಾ ಲೆಕ್ಕ ಇಡುತ್ತದೆ.

ಮೊದಲ ಎರಡು ನಿಮಿಷ ಎಲ್ಲ ಮಕ್ಕಳೂ ಚುರುಕು. ಹೊಸ ಕೋಣೆ, ಹೊಸ ಗುಂಡಿ, ಪಕ್ಕದಲ್ಲಿ ಅಪರಿಚಿತರು. ನಾಲ್ಕೈದು ನಿಮಿಷಕ್ಕೆ ಕಾಲು ಕುಣಿಯಲು ಶುರುವಾಗುತ್ತದೆ. ಆಮೇಲೆ ಗುಂಡಿ ಬಲಗೈಯಿಂದ ಎಡಗೈಗೆ ಬರುತ್ತದೆ, ಕುರ್ಚಿ ಸ್ವಲ್ಪ ತಿರುಗುತ್ತದೆ, ಹಿಂದೆ ಕೂತವರ ಕಡೆ ಮುಖ ಮಾಡಿ "ಇನ್ನೂ ಎಷ್ಟೊತ್ತು ಮಿಸ್?" ಎಂಬ ಪ್ರಶ್ನೆ ಬರುತ್ತದೆ. ಆ ಹೊತ್ತಿಗೆ ಎರಡು ಚೌಕ ಹೋಗಿರುತ್ತವೆ. ಇನ್ನು ಕೆಲವು ಮಕ್ಕಳು ಅಲುಗಾಡುವುದೇ ಇಲ್ಲ, ಕಣ್ಣು ಪರದೆಯ ಮೇಲೇ ಇರುತ್ತದೆ, ಬೆರಳು ಮಾತ್ರ ಒತ್ತುವುದಿಲ್ಲ. ಕಂಪ್ಯೂಟರ್ ಎರಡನ್ನೂ "ತಪ್ಪಿಹೋಯಿತು" ಎಂದು ಒಂದೇ ಥರ ಎಣಿಸುತ್ತದೆ. ಅದಕ್ಕೇ ನನ್ನ ಮಟ್ಟಿಗೆ, ಟೆಸ್ಟ್ ಮಾಡಿಸಿದವರು ಕೈಯಲ್ಲಿ ಬರೆದುಕೊಂಡ ಟಿಪ್ಪಣಿಗೆ ಗ್ರಾಫಿನಷ್ಟೇ ಬೆಲೆ ಇದೆ. ಮಗುವನ್ನು ಕೋಣೆಯಲ್ಲಿ ಕೂರಿಸಿ, ಸಾಫ್ಟ್‌ವೇರ್ ಶುರು ಮಾಡಿ, ಹೊರಗೆ ಬಂದು ಫೋನ್ ನೋಡುತ್ತಾ ಕೂರುವ ಕಡೆ ಈ ಟೆಸ್ಟ್ ಮಾಡಿಸಬೇಡಿ.

ಹೆಜ್ಜೆ 1: ಮೊದಲು ಮಗುವಿನ ಪೂರ್ವಾಪರ, ಆಮೇಲೆ ಕಂಪ್ಯೂಟರ್

ವೈದ್ಯರು ಎಡಿಎಚ್‌ಡಿ ಎಂದು ನಿರ್ಧರಿಸುವುದು ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ) ಅಥವಾ ಐಸಿಡಿ-11ರ (ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ) ಮಾನದಂಡಗಳ ಮೇಲೆ. ಡಿಎಸ್‌ಎಂ-5 ಪ್ರಕಾರ ಗಮನದ ತೊಂದರೆಯ ಒಂಬತ್ತು ಲಕ್ಷಣಗಳಲ್ಲಿ ಆರು, ಇಲ್ಲವೇ ಅತಿಚಟುವಟಿಕೆ ಮತ್ತು ದುಡುಕಿನ ಒಂಬತ್ತರಲ್ಲಿ ಆರು, ಕನಿಷ್ಠ ಆರು ತಿಂಗಳಿಂದ ಇರಬೇಕು. ಕೆಲವಾದರೂ 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಅದರಿಂದ ಮಗುವಿನ ಓದಿಗೋ ಒಡನಾಟಕ್ಕೋ ನಿಜವಾಗಿ ಅಡ್ಡಿಯಾಗುತ್ತಿರಬೇಕು. ಈ ಪಟ್ಟಿಯಲ್ಲಿ ಕಂಪ್ಯೂಟರ್ ಸ್ಕೋರು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ ಟೆಸ್ಟ್‌ಗೆ ಹೋಗುವ ಮೊದಲೇ ಒಂದು ಫೈಲು ಮಾಡಿಕೊಳ್ಳಿ. ಒಂದನೇ ಕ್ಲಾಸಿನಿಂದ ಈಚಿನ ಪ್ರಗತಿಪತ್ರಗಳು, ಟೀಚರ್ ಬರೆದ ಷರಾಗಳು, ಒಂದೆರಡು ನೋಟ್‌ಬುಕ್. ನೋಟ್‌ಬುಕ್ ಹೇಳುವಷ್ಟು ಬೇರೆ ಯಾವುದೂ ಹೇಳುವುದಿಲ್ಲ: ಮೊದಲ ನಾಲ್ಕು ಸಾಲು ದುಂಡಗೆ, ಐದನೆಯದು ಓರೆ, ಆರನೆಯದು ಇಲ್ಲವೇ ಇಲ್ಲ. ಮಗುವಿನ ನಡವಳಿಕೆಯ ಬಗ್ಗೆ ಕೇಳುವ ವ್ಯಾಂಡರ್‌ಬಿಲ್ಟ್ ಅಥವಾ ಕಾನರ್ಸ್ ಪ್ರಶ್ನಾವಳಿಯನ್ನು ಅಪ್ಪ ಅಮ್ಮ ಒಂದು, ಟೀಚರ್ ಒಂದು ತುಂಬಬೇಕು. ನಮ್ಮ ದೇಶದಲ್ಲೇ 6ರಿಂದ 9 ವರ್ಷದ ಮಕ್ಕಳಿಗಾಗಿ ರೂಪಿಸಿದ ಇನ್‌ಕ್ಲೆನ್ ಎಂಬ ಎಡಿಎಚ್‌ಡಿ ಪ್ರಶ್ನಾವಳಿಯೂ ಇದೆ. ಟೀಚರ್‌ಗೆ ಫಾರ್ಮ್ ಕೊಡುವಾಗ "ನೀವು ಹೇಳಿದ್ದಕ್ಕೇ ಡಾಕ್ಟರ ಹತ್ತಿರ ಹೋಗಿದ್ದು, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ" ಎಂದರೆ ಸಾಕು. ಮಗುವಿಗೆ ಹಣೆಪಟ್ಟಿ ಅಂಟಿಬಿಡುತ್ತದೇನೋ ಎಂಬ ಹೆದರಿಕೆಯಿಂದ ಎಲ್ಲದಕ್ಕೂ "ಕೆಲವೊಮ್ಮೆ" ಎಂದು ಗುರುತು ಹಾಕಿ ಕಳಿಸುವ ಟೀಚರ್‌ಗಳಿದ್ದಾರೆ.

ಇದರ ಜೊತೆಗೇ ಕಣ್ಣು, ಕಿವಿ ಪರೀಕ್ಷೆ ಆಗಿರಲಿ. ಬೋರ್ಡೇ ಕಾಣದ ಮಗು ಬೋರ್ಡ್ ನೋಡುವುದಿಲ್ಲ. ಮೂಗಿನ ಹಿಂದಿರುವ ಅಡೆನಾಯ್ಡ್ ಗ್ರಂಥಿ ಬೆಳೆದು ರಾತ್ರಿಯೆಲ್ಲ ಗೊರಕೆ ಹೊಡೆಯುವ ಮಗು ಹಗಲು ಚಡಪಡಿಸುತ್ತದೆ. ರಕ್ತಹೀನತೆ, ಥೈರಾಯ್ಡ್ ಬಗ್ಗೆಯೂ ಡಾಕ್ಟರನ್ನು ಕೇಳಿ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮಾತಿನ ಮಧ್ಯೆ ಐದು ಹತ್ತು ಸೆಕೆಂಡು ಶೂನ್ಯದಲ್ಲಿ ದಿಟ್ಟಿಸಿ, ಆಮೇಲೆ ಏನೂ ಆಗದವರಂತೆ ಮಾತು ಮುಂದುವರಿಸುವ ಮಗುವಿಗೆ ಆಬ್ಸೆನ್ಸ್ ಎಂಬ ಬಗೆಯ ಮೂರ್ಛೆ ಇರಬಹುದು. ಅದಕ್ಕೆ ಬೇಕಾದದ್ದು ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ಅಂಥ ಮಗುವೂ ಕಂಪ್ಯೂಟರ್ ಪರೀಕ್ಷೆಯಲ್ಲಿ ಚೌಕಗಳನ್ನು ಸಾಲಾಗಿ ತಪ್ಪಿಸುತ್ತದೆ, ರಿಪೋರ್ಟ್ "ಗಮನದ ಕೊರತೆ" ಎಂದೇ ಹೇಳುತ್ತದೆ.

ಹೆಜ್ಜೆ 2: "ಈ ಟೆಸ್ಟ್ ಯಾಕೆ?" ಎಂದು ಕೇಳಿ

ಸಂಕೋಚ ಬೇಡ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ನಿಮಗೆ ಸಿಗಬಹುದಾದ ಸರಿಯಾದ ಉತ್ತರಗಳು ಕೆಲವು ಇವೆ. ಮನೆಯವರು ಹೇಳುವುದಕ್ಕೂ ಶಾಲೆಯವರು ಹೇಳುವುದಕ್ಕೂ ತಾಳೆಯಾಗುತ್ತಿಲ್ಲ, ಮೂರನೆಯ ಕಡೆಯಿಂದ ಒಂದು ಅಳತೆ ಬೇಕು. ಅಥವಾ, ಗಲಾಟೆ ಮಾಡದೆ ಸುಮ್ಮನೆ ಕೂತು ಕನಸು ಕಾಣುವ ಹುಡುಗಿ. ಯಾರಿಗೂ ತೊಂದರೆ ಕೊಡದ ಕಾರಣಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ. ಅಥವಾ, ಈಗ ಒಂದು ಅಳತೆ ಇಟ್ಟುಕೊಂಡು ಚಿಕಿತ್ಸೆ ಶುರುವಾದ ಮೇಲೆ ಇನ್ನೊಮ್ಮೆ ಹೋಲಿಸಿ ನೋಡಬೇಕು. "ಇದೆಯೋ ಇಲ್ಲವೋ ಕನ್‌ಫರ್ಮ್ ಮಾಡೋಕೆ" ಎಂಬ ಉತ್ತರ ಮಾತ್ರ ಸಾಲದು.

ಹೊರದೇಶಗಳಲ್ಲೂ ಇದರ ಬಗ್ಗೆ ಒಮ್ಮತ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ ರೋಗನಿರ್ಣಯವನ್ನು ತಂದೆ ತಾಯಿ, ಶಿಕ್ಷಕರ ಮಾಹಿತಿ ಮತ್ತು ಡಿಎಸ್‌ಎಂ ಮಾನದಂಡದ ಮೇಲೇ ನಿಲ್ಲಿಸಿತು. ಇಂಗ್ಲೆಂಡಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಮಕ್ಕಳು ತಪಾಸಣೆಗಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ. ಅಲ್ಲಿನ 250 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ಯೂಬಿ ಟೆಸ್ಟಿನ ರಿಪೋರ್ಟ್ ಕೈಯಲ್ಲಿದ್ದ ವೈದ್ಯರು ಬೇಗ ತೀರ್ಮಾನಕ್ಕೆ ಬಂದರು. 2024ರಲ್ಲಿ, ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಅಲ್ಲಿನ ನೈಸ್ ಸಂಸ್ಥೆ 6ರಿಂದ 17 ವರ್ಷದವರಲ್ಲಿ ಈ ಟೆಸ್ಟನ್ನು ವೈದ್ಯರ ತಪಾಸಣೆಯ ಜೊತೆಗೆ ಬಳಸಬಹುದು ಎಂದಿತು. ತಪಾಸಣೆಯ ಬದಲಿಗೆ ಎಂದು ಅಲ್ಲ. ಚಿಕಿತ್ಸೆಯ ಫಲ ಅಳೆಯಲು ಬಳಸುವುದಕ್ಕೆ ಇನ್ನೂ ಸಂಶೋಧನೆ ಬೇಕು ಎಂದೂ ಹೇಳಿತು. ನಮ್ಮಲ್ಲಿ ಮಾರಾಟದವರು ಈ ಶಿಫಾರಸಿನ ಮೊದಲರ್ಧವನ್ನು ಮಾತ್ರ ಓದಿ ಹೇಳಿದರೆ ಆಶ್ಚರ್ಯಪಡಬೇಡಿ.

ಹೆಜ್ಜೆ 3: ಯಾವ ಟೆಸ್ಟ್, ಯಾವ ಭಾಷೆ, ಯಾರ ಕೈಯಲ್ಲಿ

ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಇಂಗ್ಲಿಷ್ ಅಕ್ಷರಗಳ ಟೆಸ್ಟ್ ಕೊಡುವ ಮೊದಲು ಎರಡು ಸಲ ಯೋಚಿಸಬೇಕು. ಅಕ್ಷರ ಗುರುತಿಸಲು ತಡವಾದದ್ದು ಗಮನ ತಪ್ಪಿದ್ದಾಗಿ ಲೆಕ್ಕಕ್ಕೆ ಸೇರಬಹುದು. ಇಂಗ್ಲಿಷ್ ಮಾಧ್ಯಮದಲ್ಲಿದ್ದರೂ ಓದಿನ ತೊಂದರೆ, ಅಂದರೆ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇದೇ ಮಾತು ಅನ್ವಯ. ಇಬ್ಬರಿಗೂ ಚೌಕ, ಚಿತ್ರಗಳ ಟೆಸ್ಟ್ ವಾಸಿ. ಯಾವುದೇ ಆದರೂ ಏನು ಮಾಡಬೇಕೆಂಬುದನ್ನು ಮಗುವಿಗೆ ಮನೆಮಾತಿನಲ್ಲಿ ಹೇಳಿಕೊಡಬೇಕು: "ಮೇಲಿದ್ರೆ ಒತ್ತು, ಕೆಳಗಿದ್ರೆ ಬಿಡು. ಬೇಗಾನೂ ಇರಲಿ, ತಪ್ಪದ ಹಾಗೂ ಇರಲಿ." ಅಭ್ಯಾಸದ ಸುತ್ತು ಮುಗಿದ ಮೇಲೆ ಮಗುವಿನ ಬಾಯಲ್ಲೇ ನಿಯಮ ಹೇಳಿಸಬೇಕು.

ಹೋಲಿಕೆ ಯಾರ ಜೊತೆ ಎಂದೂ ಕೇಳಿ. ಪ್ರಚಾರದಲ್ಲಿರುವ ಟೆಸ್ಟ್‌ಗಳ ಸರಾಸರಿಗಳು ಬಹುಪಾಲು ಅಮೆರಿಕ, ಯುರೋಪಿನ ಮಕ್ಕಳಿಂದ ಬಂದವು. ಮನೆಯಲ್ಲಿ ಕಂಪ್ಯೂಟರನ್ನೇ ಮುಟ್ಟದ ನಮ್ಮ ಹಳ್ಳಿಯ ಮಗುವನ್ನು ಆ ಗೆರೆಯ ಮೇಲೆ ನಿಲ್ಲಿಸುವಾಗ ಓದುವವರು ಎಚ್ಚರ ವಹಿಸಬೇಕು. ಇನ್ನು, ಬಣ್ಣದ ಚುಕ್ಕಿಗಳನ್ನೋ ಅಂಕಿಗಳನ್ನೋ ಹುಡುಕಿ ಹೊಡೆದುಹಾಕುವ ಕಾಗದ ಪೆನ್ಸಿಲಿನ ಗಮನ ಪರೀಕ್ಷೆಗಳೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಕಂಪ್ಯೂಟರ್ ಇಲ್ಲ ಎಂದು ಅವನ್ನು ಕೀಳಾಗಿ ನೋಡಬೇಕಿಲ್ಲ.

ಟೆಸ್ಟ್ ಮಾಡಿ ವರದಿ ಬರೆಯುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಲಿ. ವರದಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ "ನಿಮ್ಮ ಮಗುವಿನ ಗಮನ ಅಳೆಯಿರಿ" ಬಗೆಯವನ್ನು ಆಟವೆಂದುಕೊಳ್ಳಿ. ಈ ಪರೀಕ್ಷೆಗಳು ಎಣಿಸುವುದು ಸೆಕೆಂಡಿನ ಸಾವಿರದ ಭಾಗಗಳಲ್ಲಿ. ಮನೆಯ ಬ್ಲೂಟೂತ್ ಕೀಬೋರ್ಡಿನ ತಡವೂ ಮಗುವಿನ ತಡವಾಗಿ ದಾಖಲಾಗುತ್ತದೆ.

ಹೆಜ್ಜೆ 4: ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ಕೇಳಿ. ಸಂಜೆ ಶಾಲೆ, ಟ್ಯೂಷನ್ ಎಲ್ಲ ಮುಗಿಸಿ ಬಸವಳಿದು ಬಂದ ಮಗುವಿನ ಗಮನ ಅಳೆದರೆ ಆಯಾಸ ಅಳೆದಂತಾಗುತ್ತದೆ. ಹಿಂದಿನ ರಾತ್ರಿ ಮದುವೆ, ಜಾತ್ರೆ, ರಾತ್ರಿ ಬಸ್ಸಿನ ಪ್ರಯಾಣ ಬೇಡ. ರಾಯಚೂರಿನಿಂದಲೋ ಬೀದರಿನಿಂದಲೋ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಬಂದು, ನೇರ ಆಸ್ಪತ್ರೆಗೆ ಹೋಗುವ ಮನೆಯವರು ಬೇಕಾದಷ್ಟಿದ್ದಾರೆ. ಸಾಧ್ಯವಾದರೆ ಮೊದಲ ದಿನ ಡಾಕ್ಟರ ಜೊತೆ ಮಾತುಕತೆ, ಮರುದಿನ ಬೆಳಿಗ್ಗೆ ಟೆಸ್ಟ್ ಎಂದು ಇಟ್ಟುಕೊಳ್ಳಿ. ನೆಗಡಿ, ಜ್ವರ ಇದ್ದರೆ ಮುಂದೂಡಿ. ನೆಗಡಿ ಅಲರ್ಜಿಗೆ ಕೊಡುವ ಹಲವು ಸಿರಪ್ಪುಗಳು ಮಂಪರು ತರಿಸುತ್ತವೆ. ಮೂರ್ಛೆಗೆ ಕೊಡುವ ಫೀನೋಬಾರ್ಬಿಟೋನ್‌ನಿಂದ ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚುತ್ತದೆ. ಮಗು ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಔಷಧವನ್ನೂ, ನಾಟಿ ಔಷಧವನ್ನೂ ಸೇರಿಸಿ, ಚೀಟಿಯಲ್ಲಿ ಬರೆದುಕೊಡಿ.

ಈಗಾಗಲೇ ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಎಂಬ ಔಷಧ ನಡೆಯುತ್ತಿದ್ದರೆ, ಅದನ್ನು ಕೊಟ್ಟು ಕರೆತರಬೇಕೋ ಬಿಟ್ಟು ಕರೆತರಬೇಕೋ ಎಂದು ಮೊದಲೇ ಕೇಳಿಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ. ಅದರಲ್ಲೂ ಎಡಿಎಚ್‌ಡಿಯ ಇನ್ನೊಂದು ಔಷಧವಾದ ಅಟೊಮಾಕ್ಸೆಟಿನ್ ಅಥವಾ ಮೂರ್ಛೆಯ ಔಷಧವನ್ನು ಟೆಸ್ಟಿನ ಸಲುವಾಗಿ ಮನೆಯಲ್ಲೇ ಬಿಡಿಸುವುದು ಖಂಡಿತ ಬೇಡ.

ತಿಂಡಿ ತಿಂದಿರಲಿ, ಕನ್ನಡಕ ಇದ್ದರೆ ಹಾಕಿಕೊಂಡಿರಲಿ, ಒಳಗೆ ಹೋಗುವ ಮುನ್ನ ಬಾತ್‌ರೂಮಿಗೆ ಹೋಗಿಬಂದಿರಲಿ. ಮಗುವಿಗೆ "ಪರೀಕ್ಷೆ" ಎಂದು ಹೆದರಿಸುವುದೂ ಬೇಡ, "ವಿಡಿಯೋ ಗೇಮ್ ಆಡಿಸ್ತಾರೆ" ಎಂದು ಪುಸಲಾಯಿಸುವುದೂ ಬೇಡ. ಗೇಮ್ ಎಂದುಕೊಂಡು ಒಳಗೆ ಹೋದ ಮಗುವಿಗೆ ಎರಡನೇ ನಿಮಿಷಕ್ಕೆ ಮೋಸ ಗೊತ್ತಾಗುತ್ತದೆ. "ಸ್ವಲ್ಪ ಬೋರ್ ಆಗೋ ಕೆಲಸ ಕೊಡ್ತಾರೆ ಕಣೋ, ನಿನ್ನ ಕೈಲಾದಷ್ಟು ಮಾಡು, ಪಾಸು ಫೇಲು ಏನಿಲ್ಲ" ಎಂದರಾಯಿತು. ಚೆನ್ನಾಗಿ ಮಾಡಿದರೆ ಐಸ್‌ಕ್ರೀಮ್ ಎಂಬ ಆಮಿಷವೂ ಬೇಡ. ಬಹುಮಾನದ ಆಸೆ ಇದ್ದಾಗ ಎಡಿಎಚ್‌ಡಿ ಇರುವ ಮಕ್ಕಳ ಗಮನ ಸುಧಾರಿಸುತ್ತದೆ, ಆಮೇಲೆ ನೀವು ನೋಡುವುದು ಐಸ್‌ಕ್ರೀಮಿನ ಸ್ಕೋರು.

ಹೆಜ್ಜೆ 5: ರಿಪೋರ್ಟ್ ಓದುವುದು

ಎಲ್ಲ ರಿಪೋರ್ಟುಗಳಲ್ಲೂ ಮುಖ್ಯವಾಗಿ ನಾಲ್ಕು ಸಂಗತಿ ಸಿಗುತ್ತವೆ. ಒತ್ತಬೇಕಾದಲ್ಲಿ ಒತ್ತದೆ ಬಿಟ್ಟದ್ದು, ಅಂದರೆ ಒಮಿಷನ್. ಒತ್ತಬಾರದಲ್ಲಿ ಒತ್ತಿದ್ದು, ಅಂದರೆ ಕಮಿಷನ್. ಒತ್ತಲು ಹಿಡಿದ ಸರಾಸರಿ ಸಮಯ. ಕೊನೆಯದಾಗಿ, ಆ ಸಮಯ ಒಂದೇ ಸಮನೆ ಇತ್ತೇ ಅಥವಾ ಒಮ್ಮೆ ಚುರುಕು, ಒಮ್ಮೆ ನಿಧಾನ ಎಂದು ಏರಿಳಿಯಿತೇ ಎಂಬುದು. ಮೊದಲೆರಡನ್ನೇ ಜನ ನೋಡುತ್ತಾರೆ. ನಾನಾದರೆ ನಾಲ್ಕನೆಯದನ್ನು ಮೊದಲು ನೋಡುತ್ತೇನೆ. ಎಡಿಎಚ್‌ಡಿ ಕುರಿತ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬರುವುದು ಈ ಏರಿಳಿತವೇ. ಆದರೆ ಅದು ಎಡಿಎಚ್‌ಡಿಯ ಸೊತ್ತೇನಲ್ಲ, ಬೇರೆ ತೊಂದರೆಗಳಲ್ಲೂ ಕಾಣುತ್ತದೆ.

ಅಂಕಗಳ ದಿಕ್ಕು ನೋಡಿಕೊಳ್ಳಿ. ಕಾನರ್ಸ್‌ನಲ್ಲಿ ಟಿ ಸ್ಕೋರು ಇರುತ್ತದೆ, ಸರಾಸರಿ 50. 60 ದಾಟಿದರೆ ತೊಂದರೆಯ ಕಡೆಗೆ ಎಂದು ಓದುತ್ತಾರೆ. ಟೋವಾದಲ್ಲಿ ಸರಾಸರಿ 100, ಅಲ್ಲಿ ಕಡಿಮೆಯಾದಷ್ಟೂ ತೊಂದರೆ. ಎರಡು ಕಡೆಯ ರಿಪೋರ್ಟ್ ಪಕ್ಕಪಕ್ಕ ಇಟ್ಟು ಗಾಬರಿಯಾಗುವುದು ಇಲ್ಲೇ.

ಒಂದು ರಿಪೋರ್ಟನ್ನು ಕಲ್ಪಿಸಿಕೊಳ್ಳೋಣ. ಒಂಬತ್ತು ವರ್ಷದ ಹುಡುಗಿ, ಕಾನರ್ಸ್ ಸಿಪಿಟಿ. ಒಮಿಷನ್ ಟಿ ಸ್ಕೋರು 68, ಕಮಿಷನ್ 47, ಒತ್ತುವ ವೇಗ ನಿಧಾನ, ಏರಿಳಿತ 66. ಮೊದಲ ಭಾಗಗಳಲ್ಲಿ ಪರವಾಗಿಲ್ಲ, ಕೊನೆಕೊನೆಗೆ ತಪ್ಪು ಹೆಚ್ಚು. ದುಡುಕು ಇಲ್ಲ, ಗಮನ ಉಳಿಯುತ್ತಿಲ್ಲ, ಹೊತ್ತು ಹೋದಂತೆ ಜಾರುತ್ತಿದೆ. ಶಾಂತವಾಗಿ ಕೂತು ಕನಸು ಕಾಣುವ ಬಗೆಯ ಎಡಿಎಚ್‌ಡಿಗೆ ಇದು ಹೊಂದುತ್ತದೆ. ರಾತ್ರಿ ಬರೀ ಆರು ಗಂಟೆ ಕಾಲ ನಿದ್ದೆ ಮಾಡಿದ ಮಗುವಿಗೂ ಹೊಂದುತ್ತದೆ, ಒಳಗೊಳಗೇ ಕೊರಗುತ್ತಿರುವ ಮಗುವಿಗೂ ಹೊಂದುತ್ತದೆ. ಯಾವುದೆಂದು ಹೇಳುವುದು ನೀವು ಮೊದಲ ಹೆಜ್ಜೆಯಲ್ಲಿ ಮಾಡಿಕೊಂಡ ಫೈಲು. ಇದೇ ಹುಡುಗಿಯ ಪ್ರಗತಿಪತ್ರದಲ್ಲಿ ಒಂದನೇ ಕ್ಲಾಸಿನಿಂದಲೂ "ಜಾಣೆ, ಆದರೆ ಕೆಲಸ ಮುಗಿಸುವುದಿಲ್ಲ" ಎಂದಿದ್ದರೆ ಒಂದು ಅರ್ಥ. ಕಳೆದ ವರ್ಷ ಅಜ್ಜಿ ತೀರಿಕೊಂಡ ಮೇಲೆ ಹೀಗಾಗಿದ್ದರೆ ಬೇರೆಯೇ ಅರ್ಥ.

ಗುಂಡಿಯನ್ನು ಏನೂ ಕಾಣುವ ಮೊದಲೇ ಪಟಪಟ ಒತ್ತಿದ್ದು ಹೆಚ್ಚಾಗಿದ್ದರೆ, ಅಥವಾ ಮಧ್ಯದಲ್ಲಿ ಎದ್ದುಹೋಗಿದ್ದರೆ, ಆ ಟೆಸ್ಟನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ವರದಿಯಲ್ಲಿ ಇದಕ್ಕೊಂದು ಸಾಲು ಇರುತ್ತದೆ, ಅದನ್ನು ಮೊದಲು ಓದಿ.

ಸ್ಕೋರು ನಾರ್ಮಲ್ ಬಂದರೆ? ನಿರಾಳವಾಗುವ ಮೊದಲು ತಾಳಿ. ನಿಶ್ಶಬ್ದ ಕೋಣೆ, ಒಬ್ಬರೇ ಮಗು, ಎದುರಿಗೆ ಹೊಸ ಯಂತ್ರ. ಐವತ್ತು ಮಕ್ಕಳ ಕ್ಲಾಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳು, ಅದರಲ್ಲೂ ಬುದ್ಧಿ ಚುರುಕಿರುವವರು, ಇಪ್ಪತ್ತು ನಿಮಿಷ ಹೇಗೋ ಸಂಭಾಳಿಸಿಬಿಡುತ್ತಾರೆ. ಮನೆ, ಶಾಲೆ ಎರಡೂ ಕಡೆ ಚಿತ್ರ ಸ್ಪಷ್ಟವಿದ್ದರೆ ನಾರ್ಮಲ್ ರಿಪೋರ್ಟು ಅದನ್ನು ಅಳಿಸಿಹಾಕುವುದಿಲ್ಲ.

ಶಾಲೆಯಲ್ಲೇ ಎಲ್ಲರಿಗೂ ಮಾಡಿಸುತ್ತೇವೆ ಎಂದರೆ

ಇತ್ತೀಚೆಗೆ ಇಂಥ ಪ್ಯಾಕೇಜುಗಳು ಬರುತ್ತಿವೆ, ಆದ್ದರಿಂದ ಒಂದು ಲೆಕ್ಕ ಮಾಡೋಣ. ಇದ್ದವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ 80 ಜನರನ್ನು ಸರಿಯಾಗಿ ಬಿಡುವ ಟೆಸ್ಟ್ ಇದೆ ಎಂದುಕೊಳ್ಳಿ. ಈ ಟೆಸ್ಟ್‌ಗಳ ಮಟ್ಟಿಗೆ ಇದು ಧಾರಾಳವಾದ ಲೆಕ್ಕವೇ. 1000 ಮಕ್ಕಳ ಶಾಲೆ, ನೂರಕ್ಕೆ ಐದರಂತೆ 50 ಮಕ್ಕಳಿಗೆ ನಿಜವಾಗಿ ಎಡಿಎಚ್‌ಡಿ ಇದೆ. ಟೆಸ್ಟ್ 40 ಜನರನ್ನು ಹಿಡಿಯುತ್ತದೆ. ಉಳಿದ 950ರಲ್ಲಿ 190 ಮಕ್ಕಳನ್ನು ತಪ್ಪಾಗಿ ಹಿಡಿಯುತ್ತದೆ. ಅಂದರೆ ಕೆಂಪು ಗುರುತು ಬಿದ್ದ 230 ಮಕ್ಕಳಲ್ಲಿ ನಿಜವಾದವರು 40. ಅದೇ ಟೆಸ್ಟನ್ನು, ವೈದ್ಯರು ಮಾತಾಡಿಸಿ ಅನುಮಾನ ಬಂದು ಕಳಿಸಿದ 100 ಮಕ್ಕಳಿಗೆ ಮಾಡಿ. ಅವರಲ್ಲಿ ಅರ್ಧ ಜನರಿಗೆ ಇದೆ ಎಂದಾದರೆ ಗುರುತು ಬೀಳುವ 50ರಲ್ಲಿ 40 ನಿಜ. ಯಂತ್ರ ಅದೇ. ಬದಲಾದದ್ದು ಯಂತ್ರಕ್ಕೆ ಮೊದಲು ನಡೆದ ಮಾತುಕತೆ. ಶಾಲೆಯ ಪ್ಯಾಕೇಜಿಗೆ ಸಹಿ ಹಾಕುವ ಮುನ್ನ ಗುರುತು ಬಿದ್ದ ಮಕ್ಕಳನ್ನು ಆಮೇಲೆ ಯಾರು ನೋಡುತ್ತಾರೆ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಸಹಿ ಬೇಡ.

ಹೆಜ್ಜೆ 6: ಆಮೇಲೆ

ರಿಪೋರ್ಟ್ ಹಿಡಿದು ನೇರ ಔಷಧದ ಅಂಗಡಿಗೋ ಥೆರಪಿ ಸೆಂಟರಿಗೋ ಹೋಗುವಂತಿಲ್ಲ. ಚೀಟಿ ಕೊಟ್ಟ ಮಕ್ಕಳ ಮನೋವೈದ್ಯರ ಬಳಿಗೋ ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್ (ಮಕ್ಕಳ ಬೆಳವಣಿಗೆಯ ತಜ್ಞರು) ಬಳಿಗೋ ಫೈಲು ಸಮೇತ ವಾಪಸ್ ಹೋಗಬೇಕು, ನಿರ್ಣಯ ಅವರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಕೇಂದ್ರ ಇದೆಯೇ ಎಂದು ವಿಚಾರಿಸಿ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಶಾಲೆಯ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗಲಿ ಎಂಬ ಉದ್ದೇಶದಿಂದ ಟೆಸ್ಟ್ ಮಾಡಿಸುವವರಿಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ತೊಂದರೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಎಡಿಎಚ್‌ಡಿ ಇರುವ ಅನೇಕ ಮಕ್ಕಳಿಗೆ ಕಲಿಕಾ ತೊಂದರೆಯೂ ಜೊತೆಗಿರುತ್ತದೆ. ಅದನ್ನು ಬೇರೆಯಾಗಿ ಪರೀಕ್ಷಿಸಿ ಬೇರೆಯೇ ಪ್ರಮಾಣಪತ್ರ ಪಡೆಯಬೇಕು. ಸಿಪಿಟಿ ರಿಪೋರ್ಟು ಆ ಕೆಲಸಕ್ಕೆ ಬರುವುದಿಲ್ಲ.

ಚಿಕಿತ್ಸೆ ಶುರುವಾಗಿ ಮತ್ತೆ ಟೆಸ್ಟ್ ಮಾಡಿಸಬೇಕೆಂದರೆ ಅದೇ ಟೆಸ್ಟ್, ಅದೇ ಹೊತ್ತು, ಸಾಧ್ಯವಾದರೆ ಅದೇ ಜಾಗ. ಔಷಧ ತೆಗೆದುಕೊಂಡು ಎಷ್ಟು ಗಂಟೆಯಾಗಿತ್ತು ಎಂದು ರಿಪೋರ್ಟಿನ ಮೇಲೇ ಬರೆಸಿ. ಅದರ ಜೊತೆಗೆ ಅದೇ ವಾರ ಟೀಚರ್ ಹತ್ತಿರ ಇನ್ನೊಂದು ಪ್ರಶ್ನಾವಳಿ ತುಂಬಿಸಿಕೊಳ್ಳಿ. ಎರಡರಲ್ಲಿ ಒಂದಕ್ಕೆ ಮಾತ್ರ ಪುರುಸೊತ್ತಿದ್ದರೆ ಟೀಚರ್ ಹತ್ತಿರ ಹೋಗಿ.